ಟೊಪ್ಪಿಗೆಯ ಮೇಲಿನ ಯಲ್ಲಪ್ಪ

ಬೈಲಹೊಂಗಲ

ನಾನು ಬೋರ್ಡು ಬರೆಯುವವನು. ಬೈಲಹೊಂಗಲದ ಬಜಾರದಲ್ಲಿ ಮೂವತ್ತೈದು ವರ್ಷ ಅಂಗಡಿಗಳ ಹೆಸರು, ಟ್ರ್ಯಾಕ್ಟರುಗಳ ನಂಬರು, ಶಾಲೆಯ ಗೋಡೆಗಳ ಸುವಿಚಾರ ಎಲ್ಲ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಅನುಮಾನ ಕಡಿಮೆಯಾಗಲಿಲ್ಲ. ಯಾವ ಊರಿಗೆ ಹೋದರೂ ಮೊದಲು ಬೋರ್ಡು ನೋಡುತ್ತೇನೆ: ಯಾರ ಕೈ, ಎಷ್ಟು ವರ್ಷದ್ದು, ಮೇಲೆ ಯಾರು ತಿದ್ದಿದ್ದಾರೆ. ‘ಬಹಳ ಹಳೆಯದು’ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಅದಕ್ಕೆ ಕಾರಣವಿದೆ. ಹೆದ್ದಾರಿಯ ಒಂದು ಖಾನಾವಳಿಗೆ ನೂರು ವರ್ಷದ್ದೆಂದು ಕಾಣುವ ಬೋರ್ಡನ್ನು ನಾನೇ ಮಾಡಿಕೊಟ್ಟಿದ್ದೇನೆ. ತಗಡಿಗೆ ಉಪ್ಪುನೀರು ಹೊಡೆದು ತುಕ್ಕು ಹಿಡಿಸಿದೆ, ಅಕ್ಷರ ಬರೆದು ಪಾಲಿಶ್ ಪೇಪರಿನಿಂದ ತಿಕ್ಕಿದೆ, ಚಹಾದ ಡಿಕಾಕ್ಷನ್ ಸವರಿ ಚಿಮಣಿಯ ಹೊಗೆ ಕೊಟ್ಟೆ. ನಾಲ್ಕು ದಿನಕ್ಕೆ ನೂರು ವರ್ಷ. ಜನ ಈಗಲೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಶಾಂತಕ್ಕ ಫೋನು ಹಿಡಿದುಕೊಂಡು ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಇದೇ ಬುದ್ಧಿ.

ಶಾಂತಕ್ಕ ನನ್ನ ದೊಡ್ಡಮ್ಮನ ಮಗಳು, ಕಿತ್ತೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಅವಳ ತಂದೆಯ ತಂದೆ ಯಲ್ಲಪ್ಪ ಕಟಕೋಳದವನು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಪಲ್ಟನ್ ಸೇರಿದವನು, ಎರಡನೆಯ ಮಹಾಯುದ್ಧದಲ್ಲಿ ಇಟಲಿಗೆ ಹೋಗಿ ಮರಳಲಿಲ್ಲ. ಅವನ ಒಂದು ಫೋಟೊ, ಒಂದು ಪತ್ರ ಕೂಡ ಮನೆಯಲ್ಲಿ ಉಳಿದಿಲ್ಲ. ಇದ್ದದ್ದನ್ನು ಗೆದ್ದಲು ತಿಂದಿತ್ತು.

ಫೋನಿನಲ್ಲಿ ಇದ್ದದ್ದು ಒಂದು ಕಬ್ಬಿಣದ ಟೊಪ್ಪಿಗೆ. ಆ ಕಾಲದ ಬ್ರಿಟಿಷ್ ಸೈನ್ಯದ್ದು, ಬೋಗುಣಿಯನ್ನು ಬೋರಲು ಹಾಕಿದಂತೆ, ಅಗಲ ಅಂಚಿನದು. ಹಿಂಬದಿಯಲ್ಲಿ ಬಿಳಿ ಬಣ್ಣದ ಕನ್ನಡ ಅಕ್ಷರ: ಯಲ್ಲಪ್ಪ. ಇಟಲಿಯ ಲೂಚಿಯಾ ಎಂಬ ಹೆಣ್ಣುಮಗಳು ಅಜ್ಜಿ ತೀರಿಕೊಂಡ ಮೇಲೆ ಕೊಟ್ಟಿಗೆ ಸ್ವಚ್ಛ ಮಾಡುವಾಗ ಇದರ ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದಳು. ಅದು ಯಾವ ಯಾವುದೋ ಕನ್ನಡ ಗುಂಪುಗಳನ್ನು ದಾಟಿ ಕಿತ್ತೂರು ಮುಟ್ಟಿತ್ತು.

“ನಮ್ಮಜ್ಜಂದಿದು,” ಅಂದಳು ಶಾಂತಕ್ಕ.

“ಸವದತ್ತಿ ಸೀಮ್ಯಾಗ ಯಲ್ಲಪ್ಪಾ ಅಂತ ಒದರಿದ್ರ ಹತ್ತು ಮಂದಿ ಹೊಳ್ಳಿ ನೋಡ್ತಾರ, ಅಕ್ಕಾ.”

“ಹತ್ತೂ ಮಂದಿ ಇಟಲಿಗೆ ಹೋಗಿದ್ರೇನ?”

ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಟೊಪ್ಪಿಗೆಯ ಮೈ ಕಂದಿತ್ತು, ಅಂಚು ತುಕ್ಕು ತಿಂದಿತ್ತು. ಅಕ್ಷರ ಮಾತ್ರ ನಿನ್ನೆ ಬರೆದಂತೆ ಬೆಳ್ಳಗಿತ್ತು. ಬರೆದ ರೀತಿಯೂ ಸರಿಯಿರಲಿಲ್ಲ. ನಾವು ಅಕ್ಷರದ ಹೊಟ್ಟೆ ಮೊದಲು ಬರೆದು ತಲೆಕಟ್ಟನ್ನು ಕೊನೆಗೆ ಇಡುತ್ತೇವೆ, ಹಾಗಾಗಿ ತಲೆಕಟ್ಟಿನ ಬಣ್ಣ ಮೇಲೆ ಕೂತಿರುತ್ತದೆ. ಇಲ್ಲಿ ತಲೆಕಟ್ಟಿನ ಬಣ್ಣ ಕೆಳಗೆ, ಹೊಟ್ಟೆಯದು ಅದರ ಮೇಲೆ. ಕನ್ನಡ ಗೊತ್ತಿಲ್ಲದವರು ಚಿತ್ರ ನೋಡಿ ಮೇಲಿಂದ ಕೆಳಕ್ಕೆ ಇಳಿಸಿದ ಹಾಗೆ.

“ಅಕ್ಕಾ, ಇದು ನಮ್ಮ ಮಂದಿ ಕೈ ಅಲ್ಲ. ಖೊಟ್ಟಿ ಐತಿ.”

ಅವಳ ಮುಖ ಸಣ್ಣದಾಯಿತು. ಆದರೆ ಅವಳು ಹಟದ ಹೆಂಗಸು. “ಫೋಟೋ ನೋಡಿ ಹೇಳಬ್ಯಾಡ. ನನ್ನ ಕೂಡ ಬಾ, ಕೈಯಾಗ ಹಿಡದ ನೋಡು. ಖೊಟ್ಟಿ ಅಂದ್ರ ಅಲ್ಲೇ ಬಿಟ್ಟ ಬರೂಣು.”

ಹೀಗೆ, ಧಾರವಾಡ ದಾಟಿದರೆ ನಿದ್ದೆ ಬಾರದ ನಾನು ಏಪ್ರಿಲ್ ತಿಂಗಳಲ್ಲಿ ಇಟಲಿಗೆ ಹೊರಟೆ. ಅಷ್ಟರಲ್ಲಿ ಕಿತ್ತೂರಿನ ಅವಳ ಶಾಲೆಯವರು ಟೊಪ್ಪಿಗೆ ಇಡಲು ಗಾಜಿನ ಪೆಟ್ಟಿಗೆಯನ್ನೂ ಮಾಡಿಸಿ ಇಟ್ಟಿದ್ದರು.

ರೋಮ್

ಮುಂಬೈ ವಿಮಾನ ನಿಲ್ದಾಣದಲ್ಲಿಯೇ ನನ್ನ ಥಿನ್ನರ್ ಬಾಟಲಿ ಹೋಯಿತು. ಪರೀಕ್ಷೆಗೆ ಬೇಕೆಂದು ಶಾಂಪೂ ಬಾಟಲಿಯಲ್ಲಿ ತುಂಬಿದ್ದೆ. ತಪಾಸಣೆಯವನು ಮೂಸಿ ನೋಡಿ, ನನ್ನನ್ನು ನೋಡಿ, ಮತ್ತೆ ಮೂಸಿದ. ಶಾಂತಕ್ಕ ಯಾರೋ ಗೊತ್ತಿಲ್ಲದವಳಂತೆ ನಾಲ್ಕು ಹೆಜ್ಜೆ ದೂರ ನಿಂತಳು. ರೋಮಿನಲ್ಲಿ ಇಳಿದಾಗ ಇನ್ನೊಂದು ಪರೀಕ್ಷೆ: ಅಲ್ಲಿಯ ನಾಯಿಯೊಂದು ನಮ್ಮ ಚೀಲದ ಶೇಂಗಾ ಚಟ್ನಿಯ ಮುಂದೆ ಕುಳಿತು ಏಳಲೊಲ್ಲದು. ಅಧಿಕಾರಿ ಡಬ್ಬಿ ಬಿಚ್ಚಿಸಿದ. ಕೆಂಪು ಪುಡಿ ಕಂಡು ಇನ್ನೊಬ್ಬನನ್ನು ಕರೆದ. ಶಾಂತಕ್ಕ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದಳು. ಅವನೂ ಹಾಕಿಕೊಂಡ. ಕಣ್ಣಲ್ಲಿ ನೀರು ಬಂದ ಮೇಲೆ ನಮ್ಮನ್ನು ಬಿಟ್ಟ.

ನಾನು ಊರಲ್ಲಿ ಜನರನ್ನು ಹೇಗೆ ನೋಡುತ್ತೇನೋ, ಅಲ್ಲಿ ಎಲ್ಲರೂ ನನ್ನನ್ನು ಹಾಗೆ ನೋಡುತ್ತಿದ್ದರು. ಇದು ಇಷ್ಟು ಕಷ್ಟದ್ದೆಂದು ಗೊತ್ತಿರಲಿಲ್ಲ.

ರೋಮಿನಿಂದ ಬಸ್ಸು ಹಿಡಿದು, ಬೆಟ್ಟಗಳನ್ನು ಹಾದು, ಪೂರ್ವದ ಸಮುದ್ರದ ಕಡೆ ಇಳಿದೆವು. ದಾರಿಯಲ್ಲಿ ಒಂದು ಕಡೆ ಕಾಫಿ ಕೇಳಿದೆ. ಎರಡು ಗುಟುಕಿನ ಬಟ್ಟಲು ಕೊಟ್ಟರು. ಉಳಿದದ್ದು ಬರುತ್ತದೆಂದು ಕಾಯುತ್ತ ಕುಳಿತೆ. ಏನೂ ಬರಲಿಲ್ಲ. ಸುತ್ತಲಿನವರು ನಿಂತುಕೊಂಡೇ ಅದನ್ನು ಗಂಟಲಿಗೆ ಸುರಿದುಕೊಂಡು ಹೋಗಿಬಿಟ್ಟಿದ್ದರು.

ನದಿಯ ಮೇಲಿನ ಗುಡ್ಡ: ಮೊದಲ ದಿನ

ಸಾಂಗ್ರೊ ಎಂಬ ನದಿಯ ಮೇಲೆ ಒಂದು ಗುಡ್ಡ, ಗುಡ್ಡದ ತುಂಬ ಆಲಿವ್ ಗಿಡ, ನಡುವೆ ಒಂದು ಕಲ್ಲಿನ ಮನೆ. ನಮ್ಮ ಮಲಪ್ರಭೆಯ ದಂಡೆಯ ಹೊಲಮನೆಗಳ ಹಾಗೆ ಮನೆಗೆ ಅಂಟಿಕೊಂಡೇ ದನದ ಕೊಟ್ಟಿಗೆ. ದನ ಈಗ ಇಲ್ಲ. ಅಲ್ಲಿ ಲೂಚಿಯಾಳ ತಂದೆ ಎಂಜೊನ ಗ್ಯಾರೇಜು.

ಗ್ಯಾರೇಜು ಕಂಡ ಕೂಡಲೇ ನನ್ನ ಕಿವಿ ನೆಟ್ಟಗಾದವು. ಎಂಜೊ ಎಪ್ಪತ್ತರ ಮೇಲಿನ ಗಟ್ಟಿ ಆಳು, ಟ್ರ್ಯಾಕ್ಟರ್ ರಿಪೇರಿಯವನು. ಗೋಡೆಯ ಹಲಗೆಯ ಮೇಲೆ ಸಾಲಾಗಿ ಬಣ್ಣದ ಡಬ್ಬಿ, ಬ್ರಷ್ಷು, ಥಿನ್ನರ್. ಟೊಪ್ಪಿಗೆಯನ್ನು ಹಳೆಯದು ಮಾಡಲು ನನಗೆ ಬೇಕಾಗುವುದೆಲ್ಲ ಅವನಲ್ಲಿ ಇತ್ತು. ಅವನು ಶಾಂತಕ್ಕನ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದ. ಅವಳು ಕಲ್ಲಿನಂತೆ ನಿಂತಳು. ನನ್ನ ಸರದಿ ಬರುವಷ್ಟರಲ್ಲಿ ನಾನು ಎರಡೂ ಕೈ ಮುಗಿದು ಅಡ್ಡ ಹಿಡಿದೆ.

ಊಟಕ್ಕೆ ಬಟಾಣಿ ಗಾತ್ರದ ಕಡಲೆಯ ಸಾರು, ಕಲ್ಲಿನಂಥ ಬ್ರೆಡ್ಡು. ಸಾರಿನಲ್ಲಿ ಮಾಂಸ ಇಲ್ಲವೆಂದು ಲೂಚಿಯಾ ಹೇಳಿದಳು. ನಾನು ಮೂರು ಸಲ ಕೇಳಿಸಿದೆ. ನಾಲ್ಕನೆಯ ಸಲ ಕೇಳು ಎಂದಾಗ ಶಾಂತಕ್ಕ, “ಸುಮ್ಮನ ಉಣ್ಣು ಮಾದೇವಾ, ನಾಚಿಕಿ ಬರ್ತೈತಿ ನನಗ,” ಅಂದಳು. ಎಂಜೊನಿಗೆ ಇಂಗ್ಲಿಷ್ ಬಾರದು, ನನಗೂ ಬಾರದು. ಅವನು ಹೇಳಿದ್ದು ಲೂಚಿಯಾಳ ಬಾಯಿಂದ ಶಾಂತಕ್ಕನಿಗೆ, ಶಾಂತಕ್ಕನ ಬಾಯಿಂದ ನನಗೆ. ಮೂರು ಬಾಯಿ ದಾಟಿ ಬಂದ ಮಾತಿನಲ್ಲಿ ನಿಜ ಎಷ್ಟು ಉಳಿದೀತು!

ಊಟವಾದ ಮೇಲೆ ಎಂಜೊ ಬಟ್ಟೆಯಲ್ಲಿ ಸುತ್ತಿದ ಟೊಪ್ಪಿಗೆ ತಂದು ಮೇಜಿನ ಮೇಲಿಟ್ಟ. ಶಾಂತಕ್ಕ ಎದ್ದು ನಿಂತಳು. ಮುಟ್ಟಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಇದನ್ನ ಯಾರರ ತಿದ್ಯಾರೇನ, ಕೇಳು,” ಅಂದೆ.

ಪ್ರಶ್ನೆ ಎಂಜೊನನ್ನು ಮುಟ್ಟಿತು. ಅವನು ಮಗಳ ಮುಖ ನೋಡಿದ, ಮಗಳು ನೆಲ ನೋಡಿದಳು. ಆಮೇಲೆ ಅವನು ಜೋರಾಗಿ ತಲೆ ಅಲ್ಲಾಡಿಸಿದ.

“ಯುದ್ಧದ ಕಾಲದಿಂದ ಹಿಂಗs ಐತೆಂತ. ಯಾರೂ ಮುಟ್ಟಿಲ್ಲಂತ,” ಅಂದಳು ಶಾಂತಕ್ಕ.

ಸುಳ್ಳು. ಮೂವತ್ತೈದು ವರ್ಷದಲ್ಲಿ ಸುಳ್ಳು ಹೇಳುವ ಗಿರಾಕಿಗಳನ್ನು ನಾನು ಎಷ್ಟು ನೋಡಿಲ್ಲ! ಆದರೆ ಟೊಪ್ಪಿಗೆಯನ್ನು ಪುಕ್ಕಟೆ ಕೊಡುವವನು ಯಾಕೆ ಸುಳ್ಳು ಹೇಳುತ್ತಾನೆ, ಅದು ತಿಳಿಯಲಿಲ್ಲ. ಲಾಭವೇ ಇಲ್ಲದ ಸುಳ್ಳು ನನ್ನನ್ನು ಹೆಚ್ಚು ಹೆದರಿಸಿತು.

ಎರಡನೆಯ ದಿನ: ಕಿಟಕಿಯ ಬೆಳಕು

ಮರುದಿನ ಬೆಳಿಗ್ಗೆ ಅವರ ಅಪ್ಪಣೆ ಕೇಳಿ ಟೊಪ್ಪಿಗೆಯನ್ನು ಪೂರ್ವದ ಕಿಟಕಿಗೆ ಒಯ್ದೆ. ಬಣ್ಣದ ನಿಜ ಕಾಣಬೇಕಾದರೆ ಬೆಳಕು ಮೇಲಿಂದ ಬೀಳಬಾರದು, ಪಕ್ಕದಿಂದ ಬೀಳಬೇಕು. ಆಗ ಗೆರೆಗಳು ಏರಿ ನಿಲ್ಲುತ್ತವೆ.

ಮೊದಲು ತುಕ್ಕಿನ ಕುಳಿ ನೋಡಿದೆ. ಬಣ್ಣ ಮೊದಲು, ತುಕ್ಕು ಆಮೇಲೆ ಆದರೆ, ತುಕ್ಕು ಬಣ್ಣವನ್ನು ಕೆಳಗಿನಿಂದ ಒಡೆದು ಹೊರಗೆ ಬಂದಿರುತ್ತದೆ. ಇಲ್ಲಿ ಬಿಳಿ ಬಣ್ಣ ಕುಳಿಯ ತಳಕ್ಕೆ ಇಳಿದು ಒಣಗಿತ್ತು. ಅಂದರೆ ತುಕ್ಕು ಹಿಡಿದ ಮೇಲೆ ಹಚ್ಚಿದ್ದು. ಆಮೇಲೆ ಗೀರು ನೋಡಿದೆ. ಟೊಪ್ಪಿಗೆಯ ಮೈಮೇಲಿನ ಉದ್ದನೆಯ ಗೀರು ಅಕ್ಷರದ ಹತ್ತಿರ ಬಂದು ಅದರ ಕೆಳಗೆ ಹೋಗಿ ಆಚೆ ಎದ್ದಿತ್ತು. ಅಕ್ಷರಕ್ಕೆ ಗೀರೇ ಇಲ್ಲ.

“ಅಕ್ಕಾ, ಖೊಟ್ಟಿ,” ಅಂದೆ. ನನ್ನ ದನಿಯಲ್ಲಿ ಗೆದ್ದ ಸಂತೋಷ ಇತ್ತು. ಅದನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಶಾಂತಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತಳು. ಅಳಲಿಲ್ಲ. ಲೂಚಿಯಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಒಂದು ಮಾತು ಕೇಳಿದಳು. ಏನು ಕೇಳಿದಳೆಂದು ಆಮೇಲೆ ತಿಳಿಯಿತು: ‘ನಮಗ್ಯಾಕ ಹಿಂಗ ಮಾಡಿದ್ರಿ?’

ಲೂಚಿಯಾ ಅತ್ತುಬಿಟ್ಟಳು. ಎಂಜೊ ಹೊರಗಿನಿಂದ ಓಡಿ ಬಂದ. ಅಪ್ಪ ಮಗಳು ಜೋರು ಜೋರಾಗಿ ಏನೋ ಮಾತಾಡಿಕೊಂಡರು. ಕೊನೆಗೆ ಎಂಜೊ ತನ್ನ ತಲೆಯ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತು ಹೇಳತೊಡಗಿದ. ಶಾಂತಕ್ಕ ಒಂದೊಂದೇ ಮಾತನ್ನು ನನಗೆ ದಾಟಿಸಿದಳು.

“ಈ ಎಂಜೊನ ಅವ್ವ ಅಸುಂತಾ ಅಂತ. ಯುದ್ಧದಾಗ ಆಕಿಗೆ ಹತ್ತು ವರ್ಷ. ಕೆಳಗ ಹೊಳ್ಯಾಗ ಗುಂಡು ಹಾರೂ ಮುಂದ ಇಬ್ಬರು ಸಿಪಾಯರು ಮೂರನೇದಾಂವನ್ನ ಹೊತಗೊಂಡು ಈ ದನದ ಮನಿಗೆ ಬಂದ್ರಂತ. ಗಾಯ ಆಗಿತ್ತಂತ. ಈಕಿ ನೀರ ಕುಡಿಸಿದ್ಲಂತ. ಸಂಜೀಕ ಅಂವನ್ನ ಒಯ್ದ್ರು, ಟೊಪಿಗಿ ಇಲ್ಲೇ ಉಳೀತು. ಆಮ್ಯಾಲ ಅಂವ ಉಳಿಲಿಲ್ಲಂತ ಗೊತ್ತಾತು. ಹೆಸರ ಯಾರಿಗೂ ಗೊತ್ತಿಲ್ಲ. ಟೊಪಿಗಿ ಮ್ಯಾಲಿಂದು ಹೆಸರ ಇರಬೇಕು ಅಂತ ಅಷ್ಟ.”

ಅವರಲ್ಲಿ ನವೆಂಬರಿನಲ್ಲಿ ಒಂದು ದಿನ ಎಲ್ಲರೂ ತಮ್ಮ ತಮ್ಮ ಹಿರಿಯರ ಗೋರಿಗಳನ್ನು ತೊಳೆದು ಹೂವಿಡುತ್ತಾರೆ. ಅಸುಂತಾ ಮನೆಯವರ ಗೋರಿ ಮುಗಿಸಿ ಬಂದು, ಈ ಟೊಪ್ಪಿಗೆ ತೆಗೆದು ಒರೆಸಿ, ಮಾಸಿದ ಅಕ್ಷರಗಳ ಮೇಲೆ ಬಣ್ಣ ಹಚ್ಚುತ್ತಿದ್ದಳು. ಕಿಟಕಿಯ ಬಣ್ಣ ಉಳಿದರೆ ಅದು, ಮಗನ ಗ್ಯಾರೇಜಿನದು ಸಿಕ್ಕರೆ ಅದು. ಓದಲು ಬಾರದ ಅಕ್ಷರಗಳ ಮೇಲೆ ಸಾಯುವವರೆಗೂ ಹೀಗೆ ಹಚ್ಚಿದಳು.

“ಮತ್ತ ನಿನ್ನೆ ಯಾಕ ಸುಳ್ಳ ಹೇಳಿದ್ರಂತ?”

“ತಿದ್ದಿದ ಟೊಪಿಗಿಗೆ ಕಿಮ್ಮತ್ತಿಲ್ಲ, ಅಂಥಾವನ್ನ ಖೊಟ್ಟಿ ಅಂತಾರ ಅಂತ ಲೂಚಿಯಾ ಎಲ್ಲೋ ಓದಿದ್ಲಂತ. ಅಷ್ಟ ದೂರದಿಂದ ಬಂದಾರ, ಮನಸ ಮುರೀತೈತಿ ಅಂತ ಮುಚ್ಚಿಟ್ರಂತ.”

ಚೆನ್ನಾದ ಕಥೆ. ಕಥೆ ಚೆನ್ನಾಗಿದ್ದಷ್ಟೂ ನನಗೆ ಅನುಮಾನ. ನಾನು ಗಡ್ಡದ ಬ್ಲೇಡು ಕೇಳಿದೆ. ಎಂಜೊ ತಂದುಕೊಟ್ಟ.

ಅಕ್ಷರದ ಅಂಚಿನಲ್ಲಿ ಒಂದು ಕಡೆ ಬಣ್ಣ ಎದ್ದಿತ್ತು. ಭೂತಗನ್ನಡಿ ಹಿಡಿದರೆ ಹಾಳೆಯ ಮೇಲೆ ಹಾಳೆ: ಬಿಳಿ, ಹಾಲುಬಿಳಿ, ನೀಲಿ ಮಿಶ್ರಿತ ಬಿಳಿ, ಮತ್ತೆ ಬಿಳಿ, ಒಂದು ಕಡೆ ತೆಳು ಹಸಿರು ಕೂಡ. ಎಣಿಸುತ್ತ ಹೋದೆ, ಲೆಕ್ಕ ತಪ್ಪಿತು. ಖೊಟ್ಟಿ ಮಾಡುವವನು ಎರಡು ಕೈ ಬಣ್ಣ ಹಚ್ಚುತ್ತಾನೆ, ಮೂರು ಹಚ್ಚುತ್ತಾನೆ. ನಲವತ್ತು ಐವತ್ತು ಯಾರೂ ಹಚ್ಚುವುದಿಲ್ಲ. ನಡುನಡುವೆ ದೂಳಿನ ಪದರ, ನೊಣದ ಕಾಲು ಬೇರೆ. ಇದನ್ನು ನಾನೂ ಮಾಡಲಾರೆ.

“ಅಕ್ಕಾ, ಅಂವ ಖರೇ ಹೇಳಾಕ ಹತ್ಯಾನ,” ಅಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿ ಇರುತ್ತಿದ್ದೆವು. ಆದರೆ ಮೊದಲ ಅಕ್ಷರ ನನ್ನನ್ನು ಚುಚ್ಚುತ್ತಿತ್ತು. ಅದರ ಹೊಟ್ಟೆಯಲ್ಲಿ ಒಂದು ಕಡೆ ಬಣ್ಣ ತಗ್ಗಿತ್ತು, ಹಳೆಯದು ಎಂದೋ ಚಕ್ಕೆಯಾಗಿ ಬಿದ್ದ ಹಾಗೆ. ಬೋರ್ಡು ಬರೆಯುವವರಿಗೆ ಗೊತ್ತು, ಮ ಮತ್ತು ಯ ಅಣ್ಣತಮ್ಮಂದಿರು. ತಲೆಕಟ್ಟು ಒಂದೇ, ಬಲಕ್ಕೆ ಏರುವ ಬಾಲ ಒಂದೇ. ಮಕಾರದ ಹೊಟ್ಟೆ ಕೂಡಿರುತ್ತದೆ, ಯಕಾರದ್ದು ತೆರೆದಿರುತ್ತದೆ. ಕೂಡಿಸುವ ಆ ಸಣ್ಣ ಗೆರೆ ಉದುರಿದರೆ, ಓದಲು ಬಾರದವರು ಉಳಿದದ್ದರ ಮೇಲೆ ಬಣ್ಣ ಹಚ್ಚಿದರೆ, ಮಲ್ಲಪ್ಪ ಯಲ್ಲಪ್ಪನಾಗುತ್ತಾನೆ.

ಶಾಂತಕ್ಕನಿಗೆ ಹೇಳಿದೆ. “ಮ್ಯಾಲಿನ ಪದರ ತಗದ್ರ ಗೊತ್ತಾಗ್ತೈತಿ. ತಗೀಬ್ಯಾಡ ಅಂದ್ರ ತಗಿಯೂದಿಲ್ಲ. ಇದ್ದಂಗ ಒಯ್ಯೂಣು. ಊರಾಗ ಯಾರೂ ಕೇಳೂದಿಲ್ಲ.”

ಅವಳು ಟೊಪ್ಪಿಗೆಯನ್ನು ಮೊದಲ ಸಲ ಕೈಗೆ ತೆಗೆದುಕೊಂಡಳು. ಒಳಗೆ ನೋಡಿದಳು, ಅಂಚನ್ನು ಬೆರಳಿಂದ ಸುತ್ತಿದಳು. ಆಮೇಲೆ ನನ್ನ ಮುಂದೆ ಇಟ್ಟಳು. “ತಗಿ,” ಅಂದಳು.

ಒಂದು ಅಕ್ಷರ ಬಿಡಿಸಲು ಮಧ್ಯಾಹ್ನವಾಯಿತು. ಪದರಗಳು ಉಗುರಿನಂತೆ ಎದ್ದು ಬಂದವು. ಎಂಜೊ ಅವನ್ನು ಒಂದು ಬಟ್ಟಲಲ್ಲಿ ಕೂಡಿಡುತ್ತಿದ್ದ, ಅವನ ತಾಯಿಯ ವರ್ಷಗಳು ಅವು. ಎಲ್ಲಕ್ಕಿಂತ ಕೆಳಗೆ ಹಳದಿಯಾದ ತೆಳು ಬಣ್ಣ ಸಿಕ್ಕಿತು. ಸಣ್ಣ ಬ್ರಷ್ಷು, ನುರಿತ ಕೈ. ತಲೆಕಟ್ಟು ಕೊನೆಗೆ ಇಟ್ಟದ್ದು, ಮೇಲೆ ಕೂತಿತ್ತು. ಹೊಟ್ಟೆಯ ಗೆರೆ ಅರ್ಧ ಉದುರಿತ್ತು, ಆದರೆ ಅದರ ಎರಡೂ ತುದಿ ಉಳಿದಿದ್ದವು. ಕೂಡಿದ ಹೊಟ್ಟೆ.

ಮಕಾರ.

“ಮಲ್ಲಪ್ಪ,” ಅಂದಳು ಶಾಂತಕ್ಕ, ನಾನು ಹೇಳುವ ಮುಂಚೆಯೇ. ಮಕ್ಕಳ ಅಕ್ಷರ ತಿದ್ದಿದವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವಳು ಎದ್ದು ಆಲಿವ್ ಗಿಡಗಳ ನಡುವೆ ಹೋಗಿ ಕುಳಿತಳು. ಆ ಊರಲ್ಲಿ ಮಧ್ಯಾಹ್ನ ಎಲ್ಲ ಬಾಗಿಲು ಹಾಕಿ ಮಲಗುತ್ತಾರೆ. ಅವಳು ಕುಳಿತಲ್ಲಿಂದ ಎದ್ದದ್ದು ಬಾಗಿಲುಗಳು ಮತ್ತೆ ತೆರೆದ ಮೇಲೆ.

ಮೂರನೆಯ ದಿನ: ಹೆಸರುಗಳ ಗೋಡೆ

ನದಿಯ ಹತ್ತಿರ ಯುದ್ಧದಲ್ಲಿ ಸತ್ತವರ ಸ್ಮಶಾನವಿದೆ. ಹೂಳಿದವರಿಗೆ ಸಾಲು ಸಾಲು ಬಿಳಿ ಕಲ್ಲು. ದಹನ ಮಾಡಿದ ನಮ್ಮವರ ಹೆಸರು ಬೇರೆ ಕಲ್ಲಿನ ಮೇಲೆ ಕೆತ್ತಿದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ. ಹುಲ್ಲು ಕತ್ತರಿಸಿ ಚಾಪೆ ಹಾಸಿದಂತೆ ಇಟ್ಟಿದ್ದಾರೆ. ನಮ್ಮ ಕಡೆ ಇಂಥ ಜಾಗಕ್ಕೆ ಹೋಗುವುದಕ್ಕೆ ಹಿಂದೆಮುಂದೆ ನೋಡುತ್ತೇವೆ. ಅಲ್ಲಿ ಒಬ್ಬ ಮುದುಕ ಬೆಂಚಿನ ಮೇಲೆ ಕುಳಿತು ಪೇಪರ್ ಓದುತ್ತಿದ್ದ.

ಯಲ್ಲಪ್ಪನ ಹೆಸರು ಸಿಕ್ಕಿತು. ಶಾಂತಕ್ಕ ಪರ್ಸಿನಿಂದ ವಿಭೂತಿ ತೆಗೆದು ಆ ಹೆಸರಿಗೆ ಮೂರು ಬೆರಳು ಎಳೆದಳು. ನಾನು ಸುಮ್ಮನೆ ಉಳಿದ ಹೆಸರುಗಳನ್ನು ಬಿಡಿಸಿ ಓದುತ್ತಿದ್ದೆ. ಇಂಗ್ಲಿಷ್ ಮಾತು ಬಾರದಿದ್ದರೂ ಅಕ್ಷರ ನನ್ನ ಕಸುಬು. ‘ಎಮ್’ ಅಕ್ಷರದಿಂದ ಶುರುವಾಗುವ ಕಡೆ ಇಬ್ಬರು ಮಲ್ಲಪ್ಪಂದಿರು. ಬಾಗಿಲ ಹತ್ತಿರ ಒಂದು ಸಣ್ಣ ಪೆಟ್ಟಿಗೆಯಲ್ಲಿ ಪುಸ್ತಕ ಇಟ್ಟಿರುತ್ತಾರೆ, ಸತ್ತವರ ತಂದೆಯ ಹೆಸರು, ಊರು ಗೊತ್ತಿದ್ದರೆ ಬರೆದಿರುತ್ತಾರೆ. ಒಬ್ಬ ಮಲ್ಲಪ್ಪನಿಗೆ ಏನೂ ಇರಲಿಲ್ಲ. ಇನ್ನೊಬ್ಬನಿಗೆ: ಬಸಪ್ಪನ ಮಗ, ರಾಮದುರ್ಗ.

“ಟೊಪಿಗಿ ಇಲ್ಲೇ ಇರ್ಲಿ,” ಅಂದಳು ಶಾಂತಕ್ಕ. “ಅಂವನ ಮಂದಿನ್ನ ಹುಡುಕೂಣು. ಅವರ ಹೇಳಿದಂಗ ಮಾಡೂಣು.”

ಹೊರಡುವಾಗ ಎಂಜೊ ಬ್ರಷ್ಷು ತಂದು ನನ್ನ ಕೈಗೆ ಕೊಟ್ಟ, ಸರಿಯಾಗಿ ಬರೆದುಕೊಡು ಎಂದು. ನಾನು ಒಲ್ಲೆ ಅಂದೆ. ಬಿಡಿಸಿದ ಮಕಾರ ಹಾಗೇ ಇರಲಿ, ಉಳಿದವು ಅವನ ತಾಯಿ ಬರೆದ ಹಾಗೆಯೇ ಇರಲಿ ಎಂದು ಹೇಳಿಸಿದೆ. ಈ ಸಲ ಅವನು ಕೆನ್ನೆ ತಾಗಿಸಿದಾಗ ಕೈ ಅಡ್ಡ ತರಲಿಲ್ಲ.

ರಾಮದುರ್ಗ

ಕಿತ್ತೂರಿನ ಗಾಜಿನ ಪೆಟ್ಟಿಗೆಯಲ್ಲಿ ಈಗ ಶಾಲೆಯ ಆಟೋಟದ ಕಪ್ಪುಗಳಿವೆ. ಶಾಂತಕ್ಕ ತಾನೇ ಹೋಗಿ ಹೆಡ್ಮಾಸ್ತರರಿಗೆ ಎಲ್ಲ ಹೇಳಿ ಬಂದಳು.

ರಾಮದುರ್ಗದಲ್ಲಿ ಬಸಪ್ಪನ ಮಗ ಮಲ್ಲಪ್ಪನನ್ನು ಹುಡುಕುವುದು ಸುಲಭವಿರಲಿಲ್ಲ. ಎರಡು ಮನೆಯವರು ‘ನಮ್ಮಜ್ಜನೇ’ ಎಂದು ನಮ್ಮನ್ನು ಕೂಡಿಸಿ ಚಹಾ ಕೊಟ್ಟರು. ಒಬ್ಬರ ಅಜ್ಜ ಯುದ್ಧದಿಂದ ಮರಳಿ ಬಂದು ಎಂಬತ್ತನೆಯ ವಯಸ್ಸಿನವರೆಗೆ ಬಾಳಿದವನು. ಇನ್ನೊಬ್ಬರ ಅಜ್ಜ ಪೊಲೀಸ್ ಆಗಿದ್ದವನು. ಮೂರನೆಯ ಮನೆಯಲ್ಲಿ ಯಾರೂ ಬನ್ನಿ ಅನ್ನಲಿಲ್ಲ. ಗೌರವ್ವ ಎಂಬ ಎಂಬತ್ತು ದಾಟಿದ ಹೆಂಗಸು ಹೊಸ್ತಿಲಲ್ಲಿ ಕುಳಿತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾವು ಅವಳ ಅಪ್ಪನ ಹೆಸರು ಕೇಳಿದ ಕೂಡಲೇ ಕೈ ನಿಲ್ಲಿಸಿದಳು.

“ಯಾರ್ ನೀವು? ಹೊಲದ ಉತಾರದ ಕಾಗದಾ ನೋಡಾಕ ಬಂದೀರೇನ? ಆಧಾರ್ ಕಾರ್ಡ್ ನಾ ಯಾರಿಗೂ ತೋರ್ಸೂದಿಲ್ಲ ನೋಡ್ರಿ.”

ನಾವು ಸುಳ್ಳು ಹೇಳುವವರು ಎಂಬಂತೆ ಅವಳು ನಮ್ಮನ್ನು ನೋಡುತ್ತಿದ್ದ ರೀತಿ ನನಗೆ ಬಹಳ ಹಿಡಿಸಿತು. ಶಾಂತಕ್ಕ ಮೆಟ್ಟಿಲ ಮೇಲೆ ಕುಳಿತು ನಿಧಾನವಾಗಿ ಹೇಳಿದಳು: ಇಟಲಿ, ಹೊಳೆ, ದನದ ಮನೆ, ನೀರು ಕುಡಿಸಿದ ಹುಡುಗಿ, ಬಣ್ಣ. ಗೌರವ್ವ ಹುಣಸೆಬೀಜಗಳನ್ನು ನೋಡುತ್ತ ಕೇಳಿದಳು. ಅವಳು ತಂದೆಯ ಮುಖ ನೋಡಿದವಳಲ್ಲ. ಅವನು ಹಡಗು ಹತ್ತಿದ ಮೇಲೆ ಹುಟ್ಟಿದವಳು.

“ನಮ್ಮಪ್ಪಗ ಬರಿಯಾಕs ಬರ್ತಿರಲಿಲ್ಲಲ್ಲ,” ಅಂದಳು ಕೊನೆಗೆ. “ಹೆಬ್ಬಟ್ಟ ಒತ್ತತಿದ್ದ ಅಂತಿದ್ಲು ನಮ್ಮವ್ವ. ಟೊಪಿಗಿ ಮ್ಯಾಲ ಹೆಸರ ಹ್ಯಾಂಗ ಬರೀತಾನ? ಸುಳ್ಳ ಹೇಳಾಕ ಹತ್ತೀರಿ ನೀವು.”

ಅವಳು ಎದ್ದು ಒಳಗೆ ಹೋದಳು. ಬಾಗಿಲು ಹಾಕುತ್ತಾಳೆ ಎಂದುಕೊಂಡೆ. ಹಿತ್ತಾಳೆಯ ಡಬ್ಬಿ ಹಿಡಿದುಕೊಂಡು ಬಂದಳು. ಅದರಲ್ಲಿ ಒಂದು ಪತ್ರ, ಮಡಿಕೆಗಳಲ್ಲಿ ಹರಿದದ್ದು. “ಇದೂ ಅಂವ ಬರದದ್ದಲ್ಲ. ಯಾರೋ ಬರದಕೊಟ್ಟಾರ. ಓದ್ರಿ ನೋಡೂಣು.”

ಶಾಂತಕ್ಕ ಓದಿದಳು. ಮಳೆ ಬೆಳೆ, ಎತ್ತು, ಮನೆಗೆ ಬಂದಿರಬಹುದಾದ ಕೂಸು ಹೆಣ್ಣೋ ಗಂಡೋ ತಿಳಿಸಬೇಕು ಎಂಬ ಮಾತು. ಕೊನೆಯ ಸಾಲುಗಳಿಗೆ ಬಂದಾಗ ಪತ್ರವನ್ನು ನನ್ನ ಕಡೆ ಹಿಡಿದಳು. ನಾನು ಬಗ್ಗಿ ಓದಿದೆ.

‘ಹೇಳಿದವನು ಮಲ್ಲಪ್ಪ. ಬರೆದವನು ಯಲ್ಲಪ್ಪ, ಊರು ಕಟಕೋಳ. ನಾನು ಬರೆದ ಪತ್ರಗಳಿಗೆ ಮನೆಯಿಂದ ಉತ್ತರವಿಲ್ಲ, ಮುಟ್ಟುತ್ತವೋ ಇಲ್ಲವೋ ತಿಳಿಯದು. ನಿಮ್ಮ ಕಡೆಯವರು ಯಾರಾದರೂ ಕಟಕೋಳಕ್ಕೆ ಹೋದರೆ ನಮ್ಮ ಮನೆಯಲ್ಲಿ ನಾನು ಕ್ಷೇಮವಾಗಿದ್ದೇನೆಂದು ಹೇಳಬೇಕು.’

ಗೌರವ್ವ ನಮ್ಮಿಬ್ಬರ ಮುಖ ನೋಡಿದಳು. ಶಾಂತಕ್ಕ ಬೆರಳಿಂದ ಆ ಹೆಸರು ತೋರಿಸಿ, “ನಮ್ಮಜ್ಜ,” ಅಂದಳು. ಮತ್ತೆ ನನ್ನ ಕಡೆ ತಿರುಗಿ, “ಟೊಪಿಗಿ ಮ್ಯಾಲೂ ಇದs ಕೈಯೇನೋ?” ಅಂದಳು.

ಪತ್ರದಲ್ಲಿ ಪೆನ್ನು, ಟೊಪ್ಪಿಗೆಯಲ್ಲಿ ಬ್ರಷ್ಷು. ಬಿಡಿಸಿ ನೋಡಿದ್ದು ಒಂದೇ ಒಂದು ಅಕ್ಷರ. “ಆಣಿ ಮಾಡಿ ಹೇಳಾಕ ಬರೂದಿಲ್ಲ, ಅಕ್ಕಾ,” ಅಂದೆ. ಅವಳು ತಲೆಯಾಡಿಸಿದಳು, ಅಷ್ಟು ಸಾಕು ಎಂಬಂತೆ.

ಗೌರವ್ವ ಪತ್ರವನ್ನು ಮಡಿಸುತ್ತ ಹೇಳಿದಳು, “ಟೊಪಿಗಿ ಅಲ್ಲೇ ಇರ್ಲಿ ಬಿಡ್ರಿ. ಆಕಿ ನಮ್ಮಪ್ಪನ ಹೆಸರಿಗೆ ಅಷ್ಟ ವರ್ಷ ಬಣ್ಣಾ ಹಚ್ಚ್ಯಾಳ. ನಾವೇನ್ ಮಾಡೀವಿ?” ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತ, “ನಮ್ಮವ್ವಗೂ ಓದಾಕ ಬರ್ತಿರಲಿಲ್ಲ. ಓದಿ ಹೇಳಿದಾಂವ ಆ ಕಡೀ ಸಾಲ ಓದಿದ್ನೋ ಬಿಟ್ನೋ. ಕಟಕೋಳಕ್ಕ ಯಾರೂ ಹೋಗಿರ್ಲಿಕ್ಕಿಲ್ಲ, ತಂಗೀ.”

ಮರಳುವ ಬಸ್ಸಿನಲ್ಲಿ ನಾನು ಬೈಲಹೊಂಗಲಕ್ಕೆಂದು ಎರಡು ಟಿಕೆಟ್ ಕೇಳಿದೆ. ಶಾಂತಕ್ಕ ಕಂಡಕ್ಟರನ ಕೈ ತಡೆದಳು. ದಾರಿಯ ಮೇಲಿನ ಕಟಕೋಳದಲ್ಲಿ ಅವಳ ಚಿಕ್ಕಪ್ಪನ ಮಗನ ಮನೆ ಇದೆ, ಯಲ್ಲಪ್ಪ ಬಿಟ್ಟುಹೋದ ಅದೇ ಜಾಗದಲ್ಲಿ.

“ಕಟಕೋಳದಾಗ ಇಳಿಯೂಣು,” ಅಂದಳು. “ಕ್ಷೇಮ ಅದಾನಂತ ಹೇಳಿ ಹೋಗೂಣು.”